ಇಲ್ಲದವನು ಓಗೊಡುವುದಿಲ್ಲ

ಕಾಳ ಸತ್ತು ಎಷ್ಟು ಕಾಲವಾಯಿತೆಂದು ಮಾಕನಗೆರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಅವನು ಹುಟ್ಟೇ ಇರಲಿಲ್ಲ ಎಂಬುದು ಆಗಸ್ಟ್ ತಿಂಗಳ ಒಂದು ಭಾನುವಾರ, ಬೆಳಗಿನ ಹಾಲು ಹಾಕಿಸಿಕೊಂಡು ಮುಗಿದ ಮೇಲೆ, ಡೇರಿಯ ಕಟ್ಟಡದೊಳಗೆ ತೀರ್ಮಾನವಾಯಿತು. ತೀರ್ಮಾನ ಮಾಡಿದವನು ಕುಮಾರ್. ಊರಗೌಡನೂ ಕೆರೆ ಸಂಘದ ಅಧ್ಯಕ್ಷನೂ ಆದ ಕೆಂಪಣ್ಣನ ಮಗ, ಶ್ರೀರಂಗಪಟ್ಟಣದ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸದ ಲೆಕ್ಚರರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಲಿನ ಕ್ಯಾನುಗಳ ನಡುವೆ ನಿಂತು, ಪಾಠ ಮಾಡುವ ಧಾಟಿಯಲ್ಲೇ ಮಾತಾಡಿದ.

ಕೆರೆ ಏರಿಯ ಮೇಲೆ, ತೂಬಿನ ಪಕ್ಕ, ವಿಶ್ವೇಶ್ವರಯ್ಯನವರ ಪ್ರತಿಮೆ ನಿಲ್ಲಿಸಬೇಕೆಂದು ಸಂಘ ನಿರ್ಧರಿಸಿತ್ತು. ಅದಕ್ಕೆ ಯಾರ ತಕರಾರೂ ಇರಲಿಲ್ಲ. ಆದರೆ ಆ ಜಾಗದಲ್ಲಿ ಒಂದು ಕಲ್ಲಿತ್ತು. ಸೊಂಟದೆತ್ತರದ ಒರಟು ಕಲ್ಲು. ಅದರ ಮೇಲೆ ಬಿಗಿಹಿಡಿದ ಒಂದು ಕೈ ಕೆತ್ತಿತ್ತು, ಬೇರೇನೂ ಇಲ್ಲ. ಅದು ಕಾಳನ ಕಲ್ಲು. ಯಾವುದೋ ಕಾಲದಲ್ಲಿ ಕೆರೆ ತುಂಬಿ ಏರಿ ಒಡೆಯುವಂತಾದಾಗ, ಕಚ್ಚಿಕೊಂಡಿದ್ದ ತೂಬಿನ ಬೆಣೆ ಕೀಳಲು ನೀರಿನೊಳಗೆ ಮುಳುಗಿದವನು ಹೊಲಗೇರಿಯ ಕಾಳ. ಬೆಣೆ ಕಿತ್ತ; ಕೈ ಸಿಕ್ಕಿಕೊಂಡಿತು; ಮೇಲೆ ಬರಲಿಲ್ಲ. ಊರು ಉಳಿಯಿತು.

ಅಂದಿನಿಂದ ಒಂದು ಪದ್ಧತಿ. ಪ್ರತಿ ಬೆಳೆಗೆ ಮೊದಲ ನೀರು ಬಿಡುವಾಗ ಊರಗೌಡ ತೂಬಿನ ಮೇಲೆ ನಿಂತು ‘ಕಾಳಾ, ಕೈ ಬುಡ್ಲಾ’ ಎಂದು ಕೂಗಬೇಕು. ಕೆಳಗೆ ನೀರು ಹೊರಬೀಳುವ ಕಡೆ ನಿಂತ, ಗದ್ದೆಗಳಿಗೆ ನೀರು ಹಾಯಿಸುವ ನೀರುಗಂಟಿ, ಕಾಳನ ಪರವಾಗಿ ‘ಬುಟ್ಟೆ’ ಎಂದು ಓಗೊಡಬೇಕು. ಆಮೇಲೆ ತೂಬು ಎತ್ತುವುದು. ಬೆಣೆ ಹೋಗಿ ಕಬ್ಬಿಣದ ಗೇಟು, ತಿರುಗಿಸುವ ಚಕ್ರ ಬಂದಮೇಲೂ ಕೂಗು ನಿಂತಿರಲಿಲ್ಲ.

ಈಗಿನ ನೀರುಗಂಟಿ ದೇವಯ್ಯ. ಅವನು ಡೇರಿಯ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಕುರ್ಚಿಗಳು ಖಾಲಿ ಇದ್ದವು. ಅವನ ಮಗಳು ಸಂಘಮಿತ್ರಾ ಕೆ.ಆರ್.ಪೇಟೆಯ ಹಾಸ್ಟೆಲ್ಲಿನಲ್ಲಿದ್ದುಕೊಂಡು ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ವಾರದ ಕೊನೆಗೆ ಊರಿಗೆ ಬಂದವಳು ಅಪ್ಪನ ಹಿಂದೆ ನಿಂತಿದ್ದಳು. ಖಾಲಿ ಕುರ್ಚಿಗಳನ್ನು ನೋಡಿ ಅವಳಿಗೆ ಮೊದಲೇ ಮೈ ಉರಿಯುತ್ತಿತ್ತು.

‘ಕಲ್ಲು ಅಲ್ಲೇ ಒಂದ್ ಪಕ್ಕದಲ್ಲಿ ಇದ್ಕಳ್ಳಿ ಗೌಡ್ರೇ,’ ಅಂದ ದೇವಯ್ಯ.

ಕುಮಾರ್ ನಕ್ಕ. ‘ಇತಿಹಾಸಕ್ಕೆ ಆಧಾರ ಬೇಕು ದೇವಯ್ಯ. ಕಾಳ ಅನ್ನೋನು ಇದ್ದ ಅನ್ನೋದಕ್ಕೆ ಏನಿದೆ? ಶಾಸನ ಇಲ್ಲ. ಯಾವ ಅರಸನ ಕಾಲ ಅಂತ ಇಲ್ಲ. ನಿಮ್ಮ ಕೇರಿಯಲ್ಲೇ ಒಬ್ಬರು ಎಡಗೈ ಅಂತಾರೆ, ಒಬ್ಬರು ಬಲಗೈ ಅಂತಾರೆ. ನಾಗಮಂಗಲದ ಕಡೆ ಒಂದು ಕೆರೆಗೂ ಇದೇ ಕತೆ ಇದೆ, ಅಲ್ಲೂ ಒಬ್ಬ ಕಾಳ. ಒಂದೇ ಕತೆ ಎರಡು ಕಡೆ ಇದ್ದರೆ ಅದು ಘಟನೆ ಅಲ್ಲ, ಜಾನಪದ. ಕಾಳ ಅನ್ನೋದು ಮನುಷ್ಯನೇ ಅಲ್ಲ, ಜನರ ಕಲ್ಪನೆ.’

‘ಅಕ್ಷರ ಕಲಿಯೋಕೆ ಬಿಡದೆ ಇದ್ದೋರು ಈಗ ಶಾಸನ ಎಲ್ಲಿ ಅಂತ ಕೇಳ್ತಿದೀರ ಸರ್,’ ಅಂದಳು ಸಂಘಮಿತ್ರಾ.

ಸಂಘದ ನಂಜಪ್ಪ ಎಲೆಅಡಿಕೆ ಒಂದು ದವಡೆಗೆ ತಳ್ಳಿ, ‘ಏನ್ಲಾ ದೇವಯ್ಯ, ನಿನ್ ಮಗಳ ಬಾಯಿಗೂ ಒಂದು ಗೇಟ್ ಹಾಕುಸ್ಬೇಕಲ್ಲ,’ ಎಂದ. ಎಲ್ಲರೂ ನಕ್ಕರು. ದೇವಯ್ಯನೂ ನಕ್ಕ. ಅಪ್ಪ ನಕ್ಕದ್ದನ್ನು ಅವಳು ನೋಡಿದಳು.

ಮಾರನೆಯ ದಿನ ಜೆಸಿಬಿ ಬಂತು. ಅದರ ಹಲ್ಲು ತಾಗಿ ಕಲ್ಲಿನ ಕೈಯ ಎರಡು ಬೆರಳು ಚಕ್ಕೆ ಎದ್ದುಹೋದವು. ಕಲ್ಲನ್ನು ಡೇರಿಯ ಹಿಂದೆ, ಒಡೆದ ಇಟ್ಟಿಗೆ, ಸಿಮೆಂಟು ಚೀಲಗಳ ರಾಶಿಯ ಮೇಲೆ ಉರುಳಿಸಿದರು. ಬಸ್ಸಿಗೆ ಹೊರಟಿದ್ದ ಸಂಘಮಿತ್ರಾ ಕಲ್ಲು ಕಿತ್ತಾಗಿನಿಂದ ಅದನ್ನೆಲ್ಲ ನೋಡುತ್ತ ನಿಂತಿದ್ದಳು. ದೇವಯ್ಯ ಸೈಕಲ್ ಹಿಡಿದುಕೊಂಡು ಪಕ್ಕದಲ್ಲಿದ್ದ.

‘ಏನಾದ್ರೂ ಅನ್ನಪ್ಪ.’

‘ಏನಂತ ಅನ್ನಾನವ್ವ? ನೀರು ಅವ್ರದ್ದು, ಏರಿ ಅವ್ರದ್ದು.’

‘ಸತ್ತೋನು ಯಾರ ಕಡೆಯೋನು?’

ದೇವಯ್ಯ ಸೈಕಲ್ ತಳ್ಳಿಕೊಂಡು ಮುಂದೆ ನಡೆದ. ಅಲ್ಲಿಂದ ಕೆ.ಆರ್.ಪೇಟೆಯವರೆಗೂ ಅವಳು ಬಸ್ಸಿನಲ್ಲಿ ನಿಂತೇ ಹೋದಳು. ಸೀಟು ಸಿಕ್ಕರೂ ಕೂರಲಿಲ್ಲ.

ಹಾಸ್ಟೆಲ್ಲಿನ ಲೈಬ್ರರಿ ಎಂದರೆ ಊಟದ ಹಾಲಿನ ಮೂಲೆಯಲ್ಲಿದ್ದ ಎರಡು ಗಾಜಿನ ಬೀರು. ಬೀಗದ ಕೈ ವಾರ್ಡನ್ ಹತ್ತಿರ. ಅವರು ಬೀಗ ತೆಗೆಯುವುದನ್ನು ಕಾದು, ಇದ್ದುದೆಲ್ಲವನ್ನೂ ಸಂಘಮಿತ್ರಾ ಓದಿದ್ದಳು. ಈ ಸಲ ಕಾಳನನ್ನು ಹುಡುಕಿದಳು. ಅವನು ಯಾವ ಪುಸ್ತಕದಲ್ಲೂ ಇರಲಿಲ್ಲ. ಸಾಧಕರ ಜೀವನಚರಿತ್ರೆಗಳ ಸಾಲಿನಲ್ಲಿ ವಿಶ್ವೇಶ್ವರಯ್ಯನವರ ಬಗ್ಗೆಯೇ ಹಲವು ಪುಸ್ತಕಗಳಿದ್ದವು. ಸಿಟ್ಟಿಗೆ ಅವನ್ನೇ ತೆಗೆದುಕೊಂಡು ಕೂತಳು. ಓದುತ್ತ ಓದುತ್ತ ಅವಳಿಗೆ ನಗು ಬಂತು. ಪಕ್ಕದ ಮಂಚದ ರಮ್ಯ, ‘ಏನೇ ಅದು, ಜೋಕ್ ಬುಕ್ಕಾ?’ ಎಂದು ಕೇಳಿದಳು.

‘ಹೂಂ. ಕುಮಾರ್ ಸರ್ ಕನ್ನಡಕ ಹಾಕ್ಕೊಂಡು ಓದಿದ್ರೆ ಜೋಕೇ.’

ಎಂಜಿನಿಯರ್ ದಿನಾಚರಣೆಯ ಹಿಂದಿನ ವಾರ ಅವಳ ಕಾಲೇಜಿನಲ್ಲಿ ಭಾಷಣ ಸ್ಪರ್ಧೆ ಇತ್ತು. ವಿಷಯ: ವಿಶ್ವೇಶ್ವರಯ್ಯನವರ ಬದುಕು ಮತ್ತು ಸಾಧನೆ. ತೀರ್ಪುಗಾರನಾಗಿ ಶ್ರೀರಂಗಪಟ್ಟಣದಿಂದ ಬಂದಿದ್ದವನು ಕುಮಾರ್. ಒಬ್ಬರಾದ ಮೇಲೊಬ್ಬರು ಬಂದು ಅದದೇ ಕತೆ ಹೇಳಿ ಹೋದರು. ಸಂಘಮಿತ್ರಾಳ ಸರದಿ ಬಂದಾಗ ಸಭೆ ಆಕಳಿಸುತ್ತಿತ್ತು.

‘ಸರ್ ಎಂ. ವಿಶ್ವೇಶ್ವರಯ್ಯ ಎಂಬ ವ್ಯಕ್ತಿ ಇರಲೇ ಇಲ್ಲ,’ ಎಂದು ಅವಳು ಶುರುಮಾಡಿದಳು.

ಆಕಳಿಕೆ ನಿಂತಿತು.

‘ನಾನು ಹೇಳುತ್ತಿಲ್ಲ. ನಮ್ಮ ತೀರ್ಪುಗಾರರು ಕಲಿಸಿಕೊಟ್ಟ ಇತಿಹಾಸದ ನಿಯಮಗಳು ಹೇಳುತ್ತಿವೆ. ಅವರು ಹುಟ್ಟಿದ್ದು ೧೮೬೦ ಅಂತ ಒಂದು ಪುಸ್ತಕ, ೬೧ ಅಂತ ಇನ್ನೊಂದು. ಎಡಗೈಯೋ ಬಲಗೈಯೋ ಗೊತ್ತಿಲ್ಲದವನು ಇರಲಿಲ್ಲವಾದರೆ, ಹುಟ್ಟಿದ ವರ್ಷವೇ ಗೊತ್ತಿಲ್ಲದವರು ಹೇಗೆ ಇದ್ದರು? ರೈಲಿನ ಸದ್ದು ಕೇಳಿ ಮುಂದೆ ಹಳಿ ಬಿರುಕು ಬಿಟ್ಟಿದೆ ಅಂತ ಚೈನ್ ಎಳೆದರಂತೆ. ಇಂಗ್ಲೆಂಡಿನಲ್ಲಿ ಅಂತ ಒಬ್ಬರು ಹೇಳುತ್ತಾರೆ, ಇಲ್ಲೇ ಅಂತ ಇನ್ನೊಬ್ಬರು. ಒಂದೇ ಕತೆ ಎರಡು ಕಡೆ! ಅಂದಮೇಲೆ ಜಾನಪದ. ಬೀದಿ ದೀಪದ ಕೆಳಗೆ ಓದಿದರಂತೆ. ಈ ದೇಶದಲ್ಲಿ ಬೀದಿ ದೀಪದ ಕೆಳಗೆ ಓದದ ದೊಡ್ಡ ಮನುಷ್ಯ ಯಾರಿದ್ದಾರೆ ಹೇಳಿ. ಆ ಕಾಲದ ದೀಪಗಳ ಕೆಳಗೆ ನಿಲ್ಲೋಕೆ ಜಾಗವಾದರೂ ಇತ್ತೇ?’

ಹಿಂದಿನ ಬೆಂಚಿನಿಂದ ಶಿಳ್ಳೆ ಬಂತು. ಅವಳು ನಿಲ್ಲಿಸಲಿಲ್ಲ.

‘ಸರ್ಕಾರದ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಮೇಣದಬತ್ತಿ ಹಚ್ಚುತ್ತಿದ್ದರಂತೆ. ನಮ್ಮ ತಾಲ್ಲೂಕು ಆಫೀಸಿಗೆ ಒಮ್ಮೆ ಹೋಗಿ ಬನ್ನಿ. ಅಂಥ ಅಧಿಕಾರಿ ಇರಲು ಸಾಧ್ಯವೇ ಇಲ್ಲ ಅಂತ ನಿಮಗೇ ಖಾತ್ರಿಯಾಗುತ್ತೆ. ಇನ್ನು ಕನ್ನಂಬಾಡಿ ಕಟ್ಟೆ. ಕಟ್ಟಿಸಿದ್ದು ಮಹಾರಾಜರು ಅಂತ ಕೆಲವರು, ಸರ್ ಎಂ.ವಿ. ಅಂತ ಕೆಲವರು, ಅಲ್ಲೇ ಇರುವ ಟಿಪ್ಪುವಿನ ಕಲ್ಲು ತೋರಿಸುವವರು ಕೆಲವರು. ಒಂದು ಕಟ್ಟೆಗೆ ಮೂರು ಜನ! ಸಾಕ್ಷಿಗಳು ಹೊಂದಲಿಲ್ಲ ಅಂದರೆ ಮೂವರೂ ಕಲ್ಪನೆ. ಕಟ್ಟೆ ಇದೆಯಲ್ಲಾ ಅಂತ ನೀವು ಕೇಳಬಹುದು. ನಮ್ಮೂರಲ್ಲಿ ತೂಬು ಇದೆಯಲ್ಲಾ ಅಂತ ನಾವೂ ಕೇಳಿದ್ದೆವು. ತೂಬು ಇದ್ದ ಮಾತ್ರಕ್ಕೆ ಕಾಳ ಇದ್ದನೆಂದಲ್ಲ ಅಂತ ತೀರ್ಮಾನವಾಗಿದೆ. ಹಾಗಾಗಿ, ಇಲ್ಲದ ಮನುಷ್ಯನ ಪ್ರತಿಮೆ ನಿಲ್ಲಿಸೋಕೆ ಇಲ್ಲದ ಮನುಷ್ಯನ ಕಲ್ಲು ಕಿತ್ತಿದ್ದಾರೆ. ಲೆಕ್ಕ ಸರಿಹೋಯಿತು. ವಂದನೆಗಳು.’

ಕುಮಾರನ ಮುಖ ಕೆಂಪಾಗಿತ್ತು. ‘ಇದು ಮಹನೀಯರಿಗೆ ಮಾಡಿದ ಅವಮಾನ,’ ಎಂದು ಮೈಕಿನಲ್ಲಿ ಹೇಳಿ, ಅಂಕದ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ರಮ್ಯ ಭಾಷಣವನ್ನು ಮೊಬೈಲಿನಲ್ಲಿ ಹಿಡಿದಿದ್ದಳು. ಅದು ಎಲ್ಲಿಂದ ಎಲ್ಲಿಗೆ ಹೋಯಿತೋ, ಸಂಜೆಯ ಹಾಲು ಕರೆಯುವ ಹೊತ್ತಿಗೆ ಮಾಕನಗೆರೆಯ ಎಲ್ಲ ಫೋನುಗಳಲ್ಲೂ ಅವಳ ಮುಖವಿತ್ತು. ಯಾರೋ ಅದನ್ನು ಮೊದಲ ವಾಕ್ಯಕ್ಕೇ ಕತ್ತರಿಸಿದ್ದರು.

ಶನಿವಾರ ಅವಳು ಊರಿಗೆ ಬಂದಾಗ ಕೇರಿಯ ಬಾಯಲ್ಲಿ ಬೈಕುಗಳು ನಿಂತಿದ್ದವು. ಕೆಂಪಣ್ಣ ದೇವಯ್ಯನ ಜಗಲಿಯ ಮುಂದೆ ನಿಂತಿದ್ದ, ಹಿಂದೆ ನಂಜಪ್ಪ ಮತ್ತು ಸಂಘದವರು. ಅವಳ ಅವ್ವ ಪಾರ್ವತಮ್ಮ ಕಡ್ಡಿಪೊರಕೆ ಕೈಯಲ್ಲಿ ಹಿಡಿದೇ ನಿಂತಿದ್ದಳು. ಗುಡಿಸುತ್ತಿದ್ದಳೋ, ಕಾಯುತ್ತಿದ್ದಳೋ ಹೇಳುವಂತಿರಲಿಲ್ಲ.

‘ಏನವ್ವಾ, ವಿಶ್ವೇಶ್ವರಯ್ಯ ಇರ್ನಿಲ್ವಾ?’ ಅಂದ ಕೆಂಪಣ್ಣ.

‘ಆಧಾರ ಇದ್ರೆ ಕೊಡಿ ಗೌಡ್ರೇ.’

‘ಆಧಾರ ಅಂತೆ ಆಧಾರ! ನಮ್ ತಾತ ಕಣ್ಣಾರ ಕಂಡವ್ನೆ ಕಣವ್ವ. ಕಟ್ಟೆ ಕೆಲ್ಸ ಮಾಡ್ವಾಗ ಮಣ್ಣು ಹೊತ್ತವ್ನೆ.’

‘ನಮ್ ತಾತನ ತಾತ ಕಾಳನ ಹೆಣ ಹೊತ್ತವ್ನೆ.’

ನಂಜಪ್ಪ ಮುಂದೆ ಬಂದ. ‘ಲೇ, ನಮ್ ಗದ್ದೆಗೆ ನೀರು ಬತ್ತಾ ಇಲ್ವಾ? ವಿಶ್ವೇಶ್ವರಯ್ಯ ಇಲ್ದೆ ನೀರು ಎಲ್ಲಿಂದ ಬತ್ತದೆ? ಆಕಾಸ್ದಿಂದ ಉದುರ್ತದಾ?’

‘ಉದುರ್ತದೆ. ಅದಕ್ಕೆ ಮಳೆ ಅಂತಾರೆ,’ ಎಂದಳು ಪಾರ್ವತಮ್ಮ. ‘ಕೇರಿಗೆ ಬಂದು ಹೆಣ್ಮಗೀಗೆ ಲೇ ಅಂತೀಯಲ್ಲೋ, ನಿಮ್ಮನೇಲಿ ಹೆಂಗ್ ಕರ್ದಾರು ನಿನ್ನ?’

ಜಗಳ ಬೆಳೆಯಿತು. ಕಡೆಗೆ ಕೆಂಪಣ್ಣ ಮಾತು ಕತ್ತರಿಸಿದ. ಹದಿನೈದನೇ ತಾರೀಖು ಸೋಮವಾರ, ಪ್ರತಿಮೆ ತೆರೆಯುವ ದಿನವೇ ತೂಬು ಎತ್ತುವುದು, ನೀರಾವರಿ ಇಲಾಖೆಯ ಎಂಜಿನಿಯರು ಬರುತ್ತಾರೆ. ಅವರ ಮುಂದೆ ಹುಡುಗಿ ಮೈಕು ಹಿಡಿದು ತಪ್ಪಾಯಿತು ಅನ್ನಬೇಕು. ಇಲ್ಲದಿದ್ದರೆ ಪೊಲೀಸ್ ಕಂಪ್ಲೇಂಟು, ದೇವಯ್ಯನಿಗೆ ನೀರುಗಂಟಿ ಕೆಲಸವೂ ಇಲ್ಲ. ಅವರು ಹೋದಮೇಲೆ ದೇವಯ್ಯ ಬಾವಲಿಯಂತೆ ಮೂಲೆಗೆ ಅಂಟಿಕೊಂಡು ಕೂತ.

‘ಅವ್ರಿಗೆ ತಪ್ಪಾಯ್ತು ಅಂದ್ಬುಡವ್ವ. ಬಾಯಿ ಮಾತಲ್ವಾ.’

‘ಅಂತೀನಿ. ಕಲ್ಲು ಇದ್ದ ಜಾಗಕ್ಕೆ ಬರ್ಲಿ, ಅಂತೀನಿ.’

‘ಕಲ್ಲು ಎಂಗೆ ಬತ್ತದೆ?’

ಅವಳಿಗೆ ರೇಗಿತು. ‘ನೀನೇ ಹೇಳು, ಕಾಳ ಇದ್ನಾ ಇರ್ಲಿಲ್ವಾ?’

‘ಇದ್ದ ಕಣವ್ವ.’

‘ಡೇರಿಯಲ್ಲಿ ಅವ್ರ ಜೊತೆ ನಗ್ತಿದ್ಯಲ್ಲ, ಆಗ ಇದ್ನಾ? ಇಲ್ಲ ಅಂತ ಅವ್ರು ತೀರ್ಮಾನ ಮಾಡಿ ಆಯ್ತು. ಸೋಮವಾರ ಅವ್ರು ಕಾಳಾ ಅಂತ ಕೂಗ್ತಾರೆ, ನೀನು ಇಲ್ಲದೋನ ಪರವಾಗಿ ಬುಟ್ಟೆ ಅಂತೀಯ. ಓಗೊಡು ಹೋಗು.’

ದೇವಯ್ಯ ಮಗಳ ಮುಖವನ್ನೇ ನೋಡಿದ. ಈ ಮೌನ ಅವಳು ಹುಟ್ಟಿದಾಗಿನಿಂದ ಕಂಡದ್ದೇ. ಅದರಲ್ಲಿ ಏನಾದರೂ ಇರಬಹುದೆಂದು ಅವಳು ಎಣಿಸಲಿಲ್ಲ.

ಸೋಮವಾರ ಏರಿಯ ಮೇಲೆ ಶಾಮಿಯಾನ ಹಾಕಿದ್ದರು. ಪ್ರತಿಮೆ ಬಂಗಾರದ ಬಣ್ಣದ ಫೈಬರಿನದು. ಮೈಸೂರು ಪೇಟ ಇಲ್ಲದಿದ್ದರೆ ಅದು ಯಾರೆಂದು ಹೇಳುವಂತಿರಲಿಲ್ಲ. ಪೀಠಕ್ಕೆ ಕಪ್ಪು ಗ್ರಾನೈಟಿನ ಫಲಕ. ಅದರಲ್ಲಿ ವಿಶ್ವೇಶ್ವರಯ್ಯನವರ ಹೆಸರಿಗಿಂತ ಸಂಘದವರ ಹೆಸರೇ ಹೆಚ್ಚು ಜಾಗ ತಿಂದಿತ್ತು. ಎಂಜಿನಿಯರು ಪರದೆ ಎಳೆದರು, ಚಪ್ಪಾಳೆ ಆಯಿತು. ಕುಮಾರ್ ಮೈಕು ತಂದು ಸಂಘಮಿತ್ರಾಳ ಕೈಗಿಟ್ಟು, ‘ಚಿಕ್ಕದಾಗಿ ಹೇಳು,’ ಎಂದ.

ಚಿಕ್ಕದಾಗಿಯೇ ಹೇಳಿದಳು. ‘ವಿಶ್ವೇಶ್ವರಯ್ಯನವರು ಇದ್ದರು. ಅದು ನನಗೆ ಮೊದಲಿಂದಲೂ ಗೊತ್ತು. ಕಾಳನೂ ಇದ್ದ. ಅದು ನಿಮಗೆಲ್ಲ ಮೊದಲಿಂದಲೂ ಗೊತ್ತು.’

ಕುಮಾರ್ ಮೈಕು ಕಿತ್ತುಕೊಂಡ. ಎಂಜಿನಿಯರು ಏನೂ ಅರ್ಥವಾಗದೆ ಗಡಿಯಾರ ನೋಡಿಕೊಂಡು, ‘ತೂಬು ಎತ್ತಿಬಿಡೋಣ್ವಾ?’ ಎಂದರು.

ಕೆಂಪಣ್ಣ ತೂಬಿನ ಕಟ್ಟೆ ಹತ್ತಿದ. ದೇವಯ್ಯ ಎಂದಿನಂತೆ ಏರಿಯ ಆಚೆ ಬದಿ ಇಳಿದು, ನೀರು ಬೀಳುವ ಕಡೆ ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತ.

‘ಅಪ್ಪ, ಆ ಕೂಗೆಲ್ಲ ಬೇಡ. ಎಂಜಿನಿಯರು ಇದ್ದಾರೆ,’ ಎಂದು ಕುಮಾರ್ ಪಿಸುಗುಟ್ಟಿದ.

‘ಸುಮ್ಕಿರ್ಲಾ,’ ಎಂದ ಕೆಂಪಣ್ಣ. ಎರಡೂ ಕೈ ಬಾಯಿಗಿಟ್ಟು ಕೂಗಿದ: ‘ಕಾಳಾ... ಕೈ ಬುಡ್ಲಾ!’

ಉತ್ತರ ಬರಲಿಲ್ಲ.

ಕೆಂಪಣ್ಣ ಮತ್ತೆ ಕೂಗಿದ. ಕೆಳಗೆ ದೇವಯ್ಯ ನೆಟ್ಟ ಗೂಟದ ಹಾಗೆ ನಿಂತಿದ್ದ. ಸಂಘಮಿತ್ರಾ ಏರಿಯ ಅಂಚಿಗೆ ಓಡಿ ಬಂದು ಕೆಳಗೆ ನೋಡಿದಳು. ಅಪ್ಪನ ಬಾಯಿ ತುಸು ತೆರೆದಿತ್ತು. ಅದು ಈಗ ‘ಬುಟ್ಟೆ’ ಎನ್ನುತ್ತದೆ, ಇನ್ನೇನು ಎನ್ನುತ್ತದೆ ಎಂದು ಅವಳಿಗೆ ಅನ್ನಿಸಿತು.

‘ಏನ್ಲಾ ದೇವಯ್ಯ, ಕಿವಿ ಕೇಳ್ನಿಲ್ವಾ?’

‘ಕೇಳ್ತು ಗೌಡ್ರೇ.’

‘ಮತ್ತೆ ಓಗೊಡ್ಲಾ.’

‘ಯಾರು ಓಗೊಡ್ಬೇಕು? ಕಾಳ ಇರ್ನೇ ಇಲ್ಲ ಅಂತ ನಿಮ್ ಮಗ ಡೇರೀಲಿ ಹೇಳ್ನಿಲ್ವಾ? ಇಲ್ದೋನು ಎಂಗೆ ಓಗೊಡ್ತಾನೆ?’

ಅದು ಏರಿಯ ಮೇಲಿನವರಿಗೆಲ್ಲ ಕೇಳಿಸಿತು. ನಂಜಪ್ಪ ಬೈದ. ಕೆಲಸ ಕಿತ್ತುಕೊಳ್ಳುತ್ತೇವೆ ಎಂದ. ‘ಕಿತ್ಕಳಿ. ಬೇರೆಯೋನ್ನ ನಿಲ್ಸಿ, ಅವ್ನು ಓಗೊಡ್ಲಿ,’ ಎಂದ ದೇವಯ್ಯ. ಕೇರಿಯವರು ಏರಿಯ ಕೆಳಗೆ ಗುಂಪಾಗಿ ನಿಂತಿದ್ದರು. ಅವರಲ್ಲಿ ಒಬ್ಬರೂ ಮುಂದೆ ಬರಲಿಲ್ಲ.

‘ಏನ್ರೀ ಇದು? ಚಕ್ರ ತಿರುಗಿಸಿದ್ರೆ ನೀರು ಬರುತ್ತಲ್ಲ,’ ಎನ್ನುತ್ತ ಎಂಜಿನಿಯರು ಕೈ ಚಾಚಿದರು. ಕೆಂಪಣ್ಣ ಅವರ ಕೈಯನ್ನೇ ಹಿಡಿದುಕೊಂಡ. ‘ಮುಟ್ಬ್ಯಾಡಿ ಸಾ!’ ಹಿಂದೊಮ್ಮೆ ಅವನ ತಮ್ಮ ಚಿಕ್ಕಯ್ಯ, ಕೂಗೂ ಬೇಡ ಓಗೊಡುವುದೂ ಬೇಡ ಎಂದು ತಾನೇ ಗೇಟು ಎತ್ತಲು ಹೋಗಿ, ಚಕ್ರದ ಹಲ್ಲಿಗೆ ಬೆರಳು ಕೊಟ್ಟು ಬಂದಿದ್ದ. ಅಂದಿನಿಂದ ಆ ಮನೆಯವರಿಗೆ ಕೆರೆಯ ನೀರಿನ ಭಯಕ್ಕಿಂತ ಆ ಉತ್ತರ ಬಾರದ ಭಯ ಹೆಚ್ಚು.

ಕುಮಾರನಿಗೆ ಅವಮಾನವಾಯಿತು. ‘ನಾನು ತಿರುಗಿಸ್ತೀನಿ, ಬಿಡಿ,’ ಎಂದು ಕಟ್ಟೆ ಹತ್ತಿ ಚಕ್ರಕ್ಕೆ ಎರಡೂ ಕೈ ಹಾಕಿದ. ಊರೆಲ್ಲ ಅವನ ಕೈಯನ್ನೇ ನೋಡಿತು. ಅವನೂ ತನ್ನ ಕೈಯನ್ನೇ ನೋಡಿದ. ಹಾಗೇ ನಿಂತ. ಆಮೇಲೆ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡು, ‘ಬಿಗಿಯಾಗಿದೆ. ಗ್ರೀಸ್ ಹಾಕಿಲ್ಲ,’ ಎಂದ.

ಚಕ್ರ ಒಂದು ಹಲ್ಲೂ ಅಲುಗಿರಲಿಲ್ಲ. ಅವನು ತಿರುಗಿಸಲೇ ಇಲ್ಲ ಎಂಬುದನ್ನು ಹತ್ತಿರದಲ್ಲಿದ್ದ ಸಂಘಮಿತ್ರಾ ಕಂಡಳು. ಕೆಂಪಣ್ಣನೂ ಕಂಡ.

‘ಟ್ರಾಕ್ಟರು ತಗಂಡೋಗ್ರುಲಾ,’ ಎಂದ ಕೆಂಪಣ್ಣ. ‘ಆ ಕಲ್ಲು ತಗಂಬನ್ನಿ.’

ಕಲ್ಲು ಬಂತು. ಸಿಮೆಂಟು ಮೆತ್ತಿಕೊಂಡು, ಬೆರಳು ಮುರಿದುಕೊಂಡು ಬಂತು. ಪ್ರತಿಮೆಯ ಹಿಂದೆ, ಯಾರಿಗೂ ಕಾಣದ ಕಡೆ ಇಳಿಸಹೊರಟರು. ‘ಅಲ್ಲಲ್ಲ. ಇದ್ದ ಜಾಗದಲ್ಲಿ,’ ಎಂದು ದೇವಯ್ಯ ಕೆಳಗಿನಿಂದಲೇ ಕೂಗಿದ. ಇದ್ದ ಜಾಗದ ಮೇಲೆ ಪೀಠ ಕೂತಿತ್ತು. ಕಡೆಗೆ ಪೀಠಕ್ಕೆ ಒತ್ತಿ ಮುಂದುಗಡೆ ನಿಲ್ಲಿಸಿದರು. ಗ್ರಾನೈಟು ಫಲಕದಲ್ಲಿ ಅಧ್ಯಕ್ಷರ ಹೆಸರೂ ಮಾರ್ಗದರ್ಶಕ ಕುಮಾರನ ಹೆಸರೂ ಅದರ ಹಿಂದೆ ಮರೆಯಾದವು. ಅದನ್ನು ಸರಿಸಿ ಎನ್ನಲು ಆ ಹೊತ್ತಿನಲ್ಲಿ ಯಾರಿಗೂ ಬಾಯಿ ಬರಲಿಲ್ಲ.

‘ಕಾಳಾ... ಕೈ ಬುಡ್ಲಾ!’

‘ಬುಟ್ಟೆ!’

ಚಕ್ರ ಸಲೀಸಾಗಿ ತಿರುಗಿತು. ನೀರು ನೊರೆಯೆಬ್ಬಿಸುತ್ತ ದೇವಯ್ಯನ ಕಾಲಿಗೆ ಬಿತ್ತು. ಎಂಜಿನಿಯರು ಚಪ್ಪಾಳೆ ತಟ್ಟಿದರು. ಉಪ್ಪಿಟ್ಟಿನ ತಟ್ಟೆಗಳು ಬಂದವು.

ಕುಮಾರ್ ಸಂಘಮಿತ್ರಾಳ ಹತ್ತಿರ ಬಂದು ನಿಂತ. ‘ಖುಷಿಯಾಯ್ತಾ? ಗೆದ್ದಿದ್ದು ನಿನ್ನ ವಾದ ಅಲ್ಲ, ತಿಳ್ಕೊ. ಮೂಢನಂಬಿಕೆ ಗೆದ್ದಿದ್ದು.’

‘ಗೊತ್ತು ಸರ್,’ ಅಂದಳು. ‘ಚಕ್ರದ ಮೇಲೆ ನಿಮ್ಮ ಕೈಯಲ್ಲೂ ಅದೇ ಇತ್ತು.’

ಅವನು ಹೊರಟುಹೋದ. ಆದರೆ ಅವನು ಹೇಳಿದ್ದು ನಿಜ. ಅದೇ ಅವಳನ್ನು ಸುಡುತ್ತಿತ್ತು. ಇವರಲ್ಲಿ ಒಬ್ಬನೂ ಕಾಳ ಇದ್ದನೆಂದು ಒಪ್ಪಿ ಕಲ್ಲು ತರಲಿಲ್ಲ. ತಮ್ಮ ಬೆರಳಿಗೆ ಹೆದರಿ ತಂದರು. ಊರು ಉಳಿಸಿದವನ ಋಣಕ್ಕಲ್ಲ, ನೀರಿಗೆ ಕಾದಿದ್ದ ಭತ್ತದ ಸಸಿಗೆ. ಕೊಟ್ಟ ಉಪ್ಪಿಟ್ಟನ್ನು ಮುಟ್ಟದೆ ಅವಳು ಕಲ್ಲಿನ ಹತ್ತಿರ ಹೋದಳು. ದೇವಯ್ಯ ಏರಿ ಹತ್ತಿ ಬಂದು, ಒದ್ದೆ ಟವೆಲಿನಿಂದ ಕಲ್ಲಿನ ಸಿಮೆಂಟು ಉಜ್ಜುತ್ತಿದ್ದ. ಅವಳೂ ಕೂತು ಉಗುರಿನಿಂದ ಕೆರೆಯತೊಡಗಿದಳು.

ಪಕ್ಕದಲ್ಲಿ ನಂಜಪ್ಪ ಉಪ್ಪಿಟ್ಟು ತಿನ್ನುತ್ತ ಎಂಜಿನಿಯರಿಗೆ ಕಲ್ಲು ತೋರಿಸುತ್ತಿದ್ದ.

‘ಬೆರಳು ನೋಡಿ ಸಾ, ಎರಡು ಇಲ್ಲ. ನೀರೊಳ್ಗೆ ಅಷ್ಟು ಬಿಗಿಯಾಗಿ ಹಿಡ್ಕಂಡಿದ್ನಂತೆ ಕಾಳ. ಬೆರಳು ತುಂಡಾದ್ರೂ ಬುಡ್ನಿಲ್ವಂತೆ. ನಮ್ ಹಿರೀಕರು ಅಂಗೇ ಕೆತ್ಸವ್ರೆ.’

ಎಂಜಿನಿಯರು ‘ಓ’ ಎಂದು ಮೊಬೈಲು ತೆಗೆದರು.

ಸಂಘಮಿತ್ರಾ ಎದ್ದು ನಿಂತಳು.

‘ಸುಳ್ಳು,’ ಅಂದಳು. ‘ಜೆಸಿಬಿ ಮುರಿದಿದ್ದು. ಹೋದ ತಿಂಗಳು, ಸೋಮವಾರ ಬೆಳಿಗ್ಗೆ. ಮುರಿಸಿದೋರು ಈ ಸಂಘದೋರು. ನಾನು ಅಲ್ಲೇ ನಿಂತಿದ್ದೆ, ನಮ್ಮಪ್ಪನೂ ನಿಂತಿದ್ದ. ಬರ್ಕೊಳ್ಳಿ ಸರ್. ನಾಳೆ ಯಾರೂ ಆಧಾರ ಇಲ್ಲ ಅನ್ನಬಾರದು.’